ಹಳೆಯ ಮರ, ಹೊಸ ಬಾಳು

ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವಿದೆ. ಈ ಸೀಮೆಯ ಚರಿತ್ರೆಯೆಂದರೆ ಮೊದಲು ನೆನಪಾಗುವುದು ಕಲ್ಲು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಮಡಕೆಗಳೂ ಕಬ್ಬಿಣದ ಉಪಕರಣಗಳೂ ದೊರೆತವು. ಆದರೆ ಆ ಜನ ಯಾವುದರ ಮೇಲೆ ಮಲಗುತ್ತಿದ್ದರು, ಕಾಳುಕಡ್ಡಿಯ ಜೊತೆಗೆ ಬಟ್ಟೆಬರೆಯನ್ನು ಯಾವುದರಲ್ಲಿ ಇಡುತ್ತಿದ್ದರು ಎಂಬುದನ್ನು ತಿಳಿಯುವುದು ಸುಲಭವಲ್ಲ. ಕಲ್ಲು ತಾನಾಗಿ ಉಳಿಯುತ್ತದೆ. ಮರ ಗೆದ್ದಲಿಗೆ ತುತ್ತಾಗುತ್ತದೆ. ಮರದ ಸಾಮಾನು ತಲೆಮಾರುಗಳನ್ನು ದಾಟಿ ಬರಬೇಕಾದರೆ ಅದನ್ನು ಯಾರಾದರೂ ಬಳಸುತ್ತಲೂ ದುರಸ್ತಿ ಮಾಡುತ್ತಲೂ ಇರಬೇಕು.

ನಮ್ಮ ಪೂರ್ವಿಕರು ಈ ವಿಷಯವನ್ನು ಅಲ್ಪವೆಂದು ಬಗೆದವರಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ಮಂಚ, ಪೀಠಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಯಾವ ಮರ ಯೋಗ್ಯ, ಸಿಡಿಲು ಬಡಿದ ಮರ ಏಕೆ ಬೇಡ ಎಂದು ವಿವರಿಸುವ ಅವನು, ಹಿಂದೆಯೇ ಕಡಿದಿಟ್ಟ ಮರವನ್ನು ಕೆಲಸಕ್ಕೆ ಮೊದಲು ಪರೀಕ್ಷಿಸುವ ಮಾತನ್ನೂ ಮರೆತಿಲ್ಲ. ಮಗುವೊಂದು ಅದರ ಮೇಲೆ ಹತ್ತಿದರೆ ಶುಭವಂತೆ! ಹನ್ನೆರಡನೆಯ ಶತಮಾನದ ಕಲ್ಯಾಣ ಚಾಳುಕ್ಯ ಅರಸು ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವೂ ಆಸನ, ಶಯ್ಯೆಗಳನ್ನು ವರ್ಣಿಸುತ್ತದೆ.

ಅವು ಅರಮನೆಯ ಮಾತು. ಸಾಮಾನ್ಯರ ಮನೆಯಲ್ಲಿದ್ದುದು ಮಣೆ, ಪೆಟ್ಟಿಗೆ, ತೊಟ್ಟಿಲು, ಹೆಚ್ಚೆಂದರೆ ಒಂದು ಮಂಚ. ಉಳಿದವು ಆಮೇಲೆ ಬಂದವೆಂದು ಅವುಗಳ ಹೆಸರೇ ಸಾರುತ್ತದೆ: ಕುರ್ಚಿಯ ಮೂಲ ಅರಬ್ಬಿಯ 'ಕುರ್ಸಿ', ಅಲಮಾರಿನ ಮೂಲ ಪೋರ್ಚುಗೀಸರ ನುಡಿ. ರಾಂಪುರ ಮೈಸೂರು ಸಂಸ್ಥಾನದ ಅಂಚಿನ ಊರು. ನೆರೆಯ ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿತ್ತು. ಬ್ರಿಟಿಷರ ದಂಡು ಅಲ್ಲಿ ಬಹುಕಾಲ ಬೀಡುಬಿಟ್ಟಿತ್ತು. ದಂಡಿನವರು ಬಿಚ್ಚಿ ಕಟ್ಟಿ ಒಯ್ಯಬಹುದಾದ ಸಾಮಾನನ್ನು ಬಯಸುತ್ತಿದ್ದರು. ಅಂತಹ ಬಿಚ್ಚುಕುರ್ಚಿಯೊಂದಕ್ಕೆ ಉತ್ತರದ ರೂರ್ಕಿಯ ಹೆಸರೇ ನಿಂತಿದೆ. ಅದನ್ನು ಮಾದರಿಯಾಗಿಟ್ಟುಕೊಂಡು 1933ರಲ್ಲಿ ಡೆನ್ಮಾರ್ಕಿನ ಕಾರೆ ಕ್ಲಿಂಟ್ ರಚಿಸಿದ ಕುರ್ಚಿ ಲೋಕಪ್ರಸಿದ್ಧವಾಯಿತು.

ಬಿಚ್ಚಿ ಕಟ್ಟುವ ಈ ಗುಣ ನಮ್ಮ ಬಡಗಿಗಳಿಗೆ ಹೊಸದೇನಲ್ಲ. ಮರದ ತೂತಿಗೆ ಮರದ ನಾಲಗೆಯನ್ನು ಕೂರಿಸಿ ಬೆಣೆ ಬಡಿದ ಜೋಡಣೆಯನ್ನು, ಬೆಣೆ ತೆಗೆದರೆ ಹಲಗೆಗೆ ಊನವಿಲ್ಲದೆ ಬಿಡಿಸಬಹುದು. ಕಾಲು ಮುರಿದ ಮಂಚದ ಚೌಕಟ್ಟು ಬೆಂಚಾಗುತ್ತದೆ. ಬಾಗಿಲ ಹಲಗೆ ಮೇಜಾಗುತ್ತದೆ. ಕೂಸು ಬೆಳೆದ ಮೇಲೆ ತೊಟ್ಟಿಲು ಪುಸ್ತಕಗಳಿಗೆ ಎಡೆಯಾಗುತ್ತದೆ. ಹೊಳಪಿನ ವಿಷಯವೂ ಹೀಗೆಯೇ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಿಂದ ತೀಡಿದರೆ ಫ್ರೆಂಚ್ ಪಾಲಿಷ್. ಒಣಗಿದ ಅರಗು ಸ್ಪಿರಿಟ್ಟು ತಗಲಿದೊಡನೆ ಮತ್ತೆ ಕರಗುವುದರಿಂದ, ಮಂಕಾದ ಹಳೆಯ ಲೇಪವನ್ನು ಪೂರ್ತಿ ಹೆರೆಯದೆಯೇ ನವೀಕರಿಸಬಹುದು. ಇಂದಿನ ಮರದಪುಡಿಯ ಹಲಗೆಗೆ ಈ ಭಾಗ್ಯವಿಲ್ಲ: ನೀರು ಕುಡಿದು ಉಬ್ಬಿತೆಂದರೆ ಅದರ ಕಥೆ ಮುಗಿಯಿತು.

ಮಳೆ ಕಡಿಮೆಯಾದ ಈ ಬಯಲಲ್ಲಿ ಬೇವು, ಹೊಂಗೆ, ಹುಣಿಸೆ, ಜಾಲಿಗಳುಂಟು. ತೇಗ, ಬೀಟೆಗಳು ಮಲೆನಾಡಿನ ಸ್ವತ್ತು. ದೂರದಿಂದ ಬಂದ ಹಲಗೆಯನ್ನು ಒಲೆಗಿಕ್ಕದೆ ಇನ್ನೊಂದು ಕೆಲಸಕ್ಕೆ ಹಚ್ಚುವುದು ಇಲ್ಲಿ ವಿವೇಕದ ಮಾತು. ಯುದ್ಧಕಾಲದಲ್ಲಿ ಮರ ಸಾಲದಾದಾಗ ಇಂಗ್ಲೆಂಡಿನ ಸರ್ಕಾರವೇ 1942ರಿಂದ ಪೀಠೋಪಕರಣಗಳಿಗೆ ಪಡಿತರವನ್ನು ಗೊತ್ತುಮಾಡಿ, ಹೊಸದಾಗಿ ಮದುವೆಯಾದವರಿಗೂ ಬಾಂಬಿನಿಂದ ಮನೆ ಕಳೆದುಕೊಂಡವರಿಗೂ ಮೊದಲ ಹಕ್ಕು ಕೊಟ್ಟಿತು.

ಇಂದು ಹಳೆಯ ಮನೆ ಕೆಡವಿದಾಗ ಸಾಮಾನಿಗೆ ಎರಡು ಗತಿ: ಇಲ್ಲವೆ ಗುಜರಿ, ಇಲ್ಲವೆ ಪಟ್ಟಣದ ಪ್ರಾಚೀನ ವಸ್ತುಗಳ ಅಂಗಡಿ. 2017ರಲ್ಲಿ ತೀರಿಕೊಂಡ ಮಣಿಪಾಲದ ವಿಜಯನಾಥ ಶೆಣೈ ಅವರು ಮೂರನೆಯದೊಂದು ದಾರಿ ತೋರಿದರು. ಕುಕನೂರಿನ ಕಮಲ ಮಹಲಿನಂತಹ ಕಟ್ಟಡಗಳನ್ನು ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. ಅದು ದೊಡ್ಡ ಉಪಕಾರವೇ ಸರಿ. ಆದರೆ ಅಂತಹ ಗ್ರಾಮಕ್ಕೆ ಹೋಗಿ ಸೇರಿದ ಕಂಬ, ಬಾಗಿಲುಗಳು ತಮ್ಮ ಊರಿಗೆ ಮರಳುವುದಿಲ್ಲ. ಅವುಗಳ ಮೇಲೆ ಆ ಮನೆಯ ಮಕ್ಕಳು ಹತ್ತಿ ಆಡುವುದೂ ಇಲ್ಲ.

ನಾಲ್ಕನೆಯ ದಾರಿ ನಮ್ಮ ಕೈಯಲ್ಲೇ ಇದೆ. ಊರಿನ ಬಡಗಿಯನ್ನು ಕರೆದು, ಅಜ್ಜನ ಪೆಟ್ಟಿಗೆಗೆ ಹೊಸ ತಳ ಹಾಕಿಸಿ, ಅದೇ ಮನೆಯಲ್ಲಿ ಅದಕ್ಕೊಂದು ಕೆಲಸ ಕೊಡುವುದು. ಇದರಿಂದ ಉಳಿಯುವುದು ಪೆಟ್ಟಿಗೆಯೊಂದೇ ಅಲ್ಲ, ಅದನ್ನು ಬಿಚ್ಚಿ ಕಟ್ಟಬಲ್ಲ ಕೈಯೂ ಉಳಿಯುತ್ತದೆ. ಹೊಸ ಹಲಗೆಯನ್ನು ಎಲ್ಲಿಂದಲಾದರೂ ತರಿಸಬಹುದು. ಆ ಕೈ ಹೋದರೆ ಅದನ್ನು ತರಿಸಲು ಅಂಗಡಿಯಿಲ್ಲ.