ಎರಡನೆಯ ಉಸಿರು



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ರಜೆ ಹಾಕಿ ನಾಲ್ಕು ದಿನ ಊರಿನಲ್ಲಿದ್ದು ಬಂದೆ, ಸೆಕೆಂಡ್ ವಿಂಡ್ ಸಿಕ್ಕಂತಾಯಿತು" ಎಂದಳು. ಅದನ್ನು ತಿದ್ದಬೇಕೆಂದು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಏಕೆಂದರೆ ಆ ಪ್ರಯೋಗವನ್ನು ಅವಳಿಗೆ ಕಲಿಸಿದವನು ನಾನೇ.

ದಣಿದ ಮೇಲೆ ಮರಳಿ ಬರುವ ಚೈತನ್ಯವನ್ನು ಹೇಳಲು ಇಂಗ್ಲಿಷಿನಲ್ಲಿ ಹಲವು ಮಾತುಗಳಿವೆ. ರಿಫ್ರೆಶ್, ರಿವೈವ್, ರೀಚಾರ್ಜ್, ಸೆಕೆಂಡ್ ವಿಂಡ್ ಇವೆಲ್ಲವನ್ನೂ ನಾನು ಕರಿಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆದು, ಪಕ್ಕದಲ್ಲಿ ಆವರಣ ಚಿಹ್ನೆ ಹಾಕಿ, 'ಪುನಶ್ಚೇತನಗೊಳ್ಳು' ಎಂಬ ಒಂದೇ ಅರ್ಥವನ್ನು ಕೊಡುತ್ತಿದ್ದೆ. ಒಂದು ವರ್ಷ ಕಿರುಪರೀಕ್ಷೆಯಲ್ಲಿ ಸ್ವಂತ ವಾಕ್ಯ ರಚಿಸಲು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ತಾನು ನಿಲ್ಲಲಿಲ್ಲವಾದ್ದರಿಂದ ಸೆಕೆಂಡ್ ವಿಂಡ್ ಬಂತು ಎಂಬರ್ಥದ ವಾಕ್ಯವನ್ನು ಬರೆದಿದ್ದ. ನಾನು ಅರ್ಧ ಅಂಕ ಕಳೆದು, 'ವಿಶ್ರಾಂತಿ ಪಡೆದದ್ದರಿಂದ' ಎಂದು ಕೆಂಪು ಶಾಯಿಯಲ್ಲಿ ತಿದ್ದಿದೆ. ಇಂಗ್ಲಿಷಿನಲ್ಲಿ ಬಹಳ ಹಿಂದುಳಿದಿದ್ದ ಹುಡುಗ ಅವನು. ಆದರೆ ತಾಲ್ಲೂಕು ಕ್ರೀಡಾಕೂಟದಲ್ಲಿ ದೂರದ ಓಟಗಳನ್ನು ಓಡುತ್ತಿದ್ದ. ಉತ್ತರಪತ್ರಿಕೆ ಹಿಡಿದು ನನ್ನ ಮೇಜಿನ ಬಳಿಗೆ ಬಂದು, "ನಿಂತರೆ ಅದು ಬರೋದಿಲ್ಲ ಸಾರ್" ಎಂದ. "ಹೋಗಿ ಕೂತುಕೋ" ಎಂದೆ.

ಆ ಪದದ ಚರಿತ್ರೆ ತಿಳಿದಿದ್ದರೆ ನಾನು ಹಾಗೆನ್ನುತ್ತಿರಲಿಲ್ಲ. ಇಲ್ಲಿ 'ವಿಂಡ್' ಎಂದರೆ ಬೀಸುವ ಗಾಳಿಯಲ್ಲ, ಉಸಿರು. ಬೇಟೆ ಮತ್ತು ಕುದುರೆ ಸವಾರಿಗಳ ಇಂಗ್ಲೆಂಡಿನಲ್ಲಿ ಕುದುರೆಯ 'ವಿಂಡ್' ಹೇಗಿದೆಯೆಂದು ನೋಡದೆ ಯಾರೂ ಅದನ್ನು ಕೊಳ್ಳುತ್ತಿರಲಿಲ್ಲ. ಉಸಿರಿನ ರೋಗವಿದ್ದ ಕುದುರೆಯನ್ನು 'ಬ್ರೋಕನ್ ವಿಂಡೆಡ್' ಎನ್ನುತ್ತಿದ್ದರು. 'ಲಾಂಗ್ ವಿಂಡೆಡ್' ಎಂಬುದು ದೀರ್ಘಕಾಲ ದಣಿಯದವನಿಗೂ ಸಲ್ಲುತ್ತಿದ್ದ ಮಾತು. ಈಗ ಮುಗಿಸಲರಿಯದ ಭಾಷಣಕಾರನಿಗಷ್ಟೇ ಉಳಿದಿದೆ. (ನನ್ನ ತರಗತಿಗಳನ್ನು ನೆನೆದು ಯಾರೂ ನಗಬೇಕಾಗಿಲ್ಲ!) ಓಡುತ್ತ ಓಡುತ್ತ ಮೊದಲ ಉಸಿರು ಸೋತು, ಎದೆ ಬಿಗಿದು, ಇನ್ನಾಗದು ಎನ್ನಿಸಿದ ಮೇಲೂ ಓಡುತ್ತಲೇ ಇದ್ದವನಿಗೆ ಇದ್ದಕ್ಕಿದ್ದಂತೆ ಉಸಿರಾಟ ಸಲೀಸಾಗುತ್ತದೆ. ಅದಕ್ಕೇ ಸೆಕೆಂಡ್ ವಿಂಡ್ ಎಂಬ ಹೆಸರು.

ಮೈದಾನದ ಈ ಮಾತನ್ನು ಮನಶ್ಶಾಸ್ತ್ರಕ್ಕೆ ತಂದವರಲ್ಲಿ ಪ್ರಮುಖನು ಅಮೆರಿಕದ ವಿಲಿಯಂ ಜೇಮ್ಸ್. 1906ರ ಡಿಸೆಂಬರಿನಲ್ಲಿ ಅಮೆರಿಕನ್ ಫಿಲಸಾಫಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷನಾಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆತ ಮಾಡಿದ ಭಾಷಣದ ಹೆಸರು 'ದಿ ಎನರ್ಜೀಸ್ ಆಫ್ ಮೆನ್'. ನಾವು ಸಾಮಾನ್ಯವಾಗಿ ಮೊದಲ ದಣಿವು ಬಂದೊಡನೆ ಕೆಲಸ ನಿಲ್ಲಿಸುತ್ತೇವೆ. ಒತ್ತಾಯಕ್ಕೆ ಸಿಕ್ಕಿ ಮುಂದುವರಿದಾಗ ದಣಿವು ಒಂದು ಹಂತದವರೆಗೆ ಏರಿ, ಆಮೇಲೆ ಇಳಿದುಹೋಗಿ, ಅಲ್ಲಿಯವರೆಗೆ ಇದೆಯೆಂದೇ ತಿಳಿಯದಿದ್ದ ಶಕ್ತಿಯ ಪದರವೊಂದು ತೆರೆದುಕೊಳ್ಳುತ್ತದೆ ಎಂಬುದು ಅವನ ವಾದ. ಮನಸ್ಸಿನ ದುಡಿಮೆಗೂ ಇದು ಸಲ್ಲುತ್ತದೆ ಎಂದ. ಅದೇ ಭಾಷಣದಲ್ಲಿ ಹಠಯೋಗದ ಅಭ್ಯಾಸದಿಂದ ಚೇತರಿಸಿಕೊಂಡ ಸ್ನೇಹಿತನೊಬ್ಬನ ವಿಷಯವೂ ಬರುತ್ತದೆ. ಹೀಗೆ ಹೇಳಿದ ಜೇಮ್ಸ್ ಮರು ತಿಂಗಳೇ, ಅಂದರೆ 1907ರ ಜನವರಿಯಲ್ಲಿ, ಹಾರ್ವರ್ಡಿನಲ್ಲಿ ತನ್ನ ಕೊನೆಯ ಪಾಠ ಮುಗಿಸಿದ. ಹೃದಯರೋಗಿಯಾಗಿದ್ದ ಅವನು 1910ರಲ್ಲಿ ತೀರಿಕೊಂಡ.

ದೇಹದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಓಟದ ಮೊದಲ ನಿಮಿಷಗಳಲ್ಲಿ ಸ್ನಾಯುಗಳು ಬೇಡುವಷ್ಟು ಆಮ್ಲಜನಕವನ್ನು ಹೃದಯ, ಶ್ವಾಸಕೋಶಗಳು ಒದಗಿಸಲಾರವು. ಸ್ವಲ್ಪ ಹೊತ್ತಿನ ಮೇಲೆ ಬೇಡಿಕೆಗೂ ಪೂರೈಕೆಗೂ ಸಮತೋಲ ಬರುತ್ತದೆ. ಇದನ್ನು ನಿಚ್ಚಳವಾಗಿ ತೋರಿಸುವುದು ಒಂದು ವಿರಳ ಕಾಯಿಲೆ. 1951ರಲ್ಲಿ ಲಂಡನ್ನಿನ ವೈದ್ಯ ಬ್ರಯನ್ ಮೆಕಾರ್ಡಲ್ ವರ್ಣಿಸಿದ ಈ ಕಾಯಿಲೆಯಲ್ಲಿ, ಸ್ನಾಯುಗಳು ತಮ್ಮಲ್ಲೇ ಕೂಡಿಟ್ಟ ಗ್ಲೈಕೋಜನ್ನನ್ನು ಬಳಸಿಕೊಳ್ಳಲಾರವು. ನಡೆಯತೊಡಗಿದ ಕೆಲವೇ ನಿಮಿಷಗಳಲ್ಲಿ ನೋವು, ಸುಸ್ತು. ಆದರೆ ರೋಗಿ ನಡಿಗೆಯನ್ನು ನಿಧಾನಗೊಳಿಸಿ ಮುಂದುವರಿದರೆ, ಸುಮಾರು ಹತ್ತು ನಿಮಿಷಗಳ ಹೊತ್ತಿಗೆ ರಕ್ತವೇ ಸಕ್ಕರೆಯನ್ನೂ ಕೊಬ್ಬಿನ ಅಂಶವನ್ನೂ ತಂದುಕೊಡುತ್ತದೆ, ಕಾಲು ಹಗುರಾಗುತ್ತದೆ. ವೈದ್ಯರು ಈ ಲಕ್ಷಣಕ್ಕೆ ಇಟ್ಟಿರುವ ಹೆಸರೂ 'ಸೆಕೆಂಡ್ ವಿಂಡ್' ಎಂಬುದೇ.

ಉಳಿದ ಮಾತುಗಳ ಹಿನ್ನೆಲೆ ಬೇರೆ. 'ರೀಚಾರ್ಜ್' ಎಂದರೆ ಒಂದು ಕಾಲದಲ್ಲಿ ಬಂದೂಕಿಗೆ ಮತ್ತೆ ಮದ್ದು ತುಂಬುವುದು. 'ಬ್ಯಾಟರಿ' ಎಂಬುದೂ ಫಿರಂಗಿಗಳ ಸಾಲಿಗೆ ಇದ್ದ ಹೆಸರೇ. ವಿದ್ಯುತ್ತನ್ನು ಹಿಡಿದಿಡುವ ಜಾಡಿಗಳ ಸಾಲಿಗೆ ಅದನ್ನು ಬಳಸಿದವನು ಬೆಂಜಮಿನ್ ಫ್ರಾಂಕ್ಲಿನ್. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬಾತ ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಮಾಡಿದ ಮೇಲೆಯೇ ಮನುಷ್ಯನನ್ನೂ ಬರಿದಾಗಿ ತುಂಬಿಕೊಳ್ಳುವ ಪೆಟ್ಟಿಗೆಯಂತೆ ಕಾಣಲು ಸಾಧ್ಯವಾಯಿತು. ಇನ್ನು ನಾವು ದೋಸೆ ತಿನ್ನಲು ಹೋಗುವ 'ರೆಸ್ಟೋರೆಂಟ್' ಕೂಡ ಈ ಬಳಗದ್ದೇ ಎಂದರೆ ಆಶ್ಚರ್ಯಪಡುವಿರಿ! ಫ್ರೆಂಚಿನಲ್ಲಿ ಅದು ಮೊದಲು ಅಂಗಡಿಯ ಹೆಸರಾಗಿರಲಿಲ್ಲ. ಬಳಲಿದವರಿಗೆ ಚೈತನ್ಯ ತುಂಬುವ ಮಾಂಸದ ಗಟ್ಟಿ ಸಾರಿನ ಹೆಸರಾಗಿತ್ತು. ಆ ಸಾರನ್ನು ಬಡಿಸುತ್ತಿದ್ದ ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ಮನೆಗಳಿಗೆ ಆಮೇಲೆ ಆ ಹೆಸರು ನಿಂತಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 'ಪೆಪ್'. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕನ್ನರು 'ಪೆಪ್ಪರ್' ಪದವನ್ನು ಮೊಟಕುಗೊಳಿಸಿ ಹುರುಪು ಎಂಬರ್ಥದಲ್ಲಿ ಬಳಸತೊಡಗಿದರು. ಪೆಪ್ಪರ್‌ನ ಮೂಲ ಲ್ಯಾಟಿನ್ನಿನ 'ಪೀಪರ್', ಅದರ ಹಿಂದೆ ಗ್ರೀಕಿನ 'ಪೆಪೆರಿ', ಅದರ ಹಿಂದೆ ನಮ್ಮ 'ಪಿಪ್ಪಲಿ'! ಅಜ್ಜಿ ಕೆಮ್ಮಿಗೆ ತೇಯ್ದು ಕೊಡುತ್ತಿದ್ದ ಹಿಪ್ಪಲಿಯ ಹೆಸರು ಕಡಲು ದಾಟಿ ಕರಿಮೆಣಸಿಗೆ ಅಂಟಿಕೊಂಡಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಈ ಕರಿಮೆಣಸಿನ ವ್ಯಾಪಾರದಿಂದಾಗಿಯೇ.

ನಮ್ಮಂಥ ಶಿಕ್ಷಕರಿಗೆ 'ರಿಫ್ರೆಶರ್ ಕೋರ್ಸ್' ಚಿರಪರಿಚಿತ. ಕನ್ನಡದ ಸುತ್ತೋಲೆಗಳಲ್ಲಿ ಅದು 'ಪುನಶ್ಚೇತನ ಶಿಬಿರ'ವಾಗಿ ಬರುತ್ತಿತ್ತು. ಇಂಗ್ಲೆಂಡಿನ ವಕೀಲರಲ್ಲಿ 'ರಿಫ್ರೆಶರ್' ಎಂದರೆ ಮೊಕದ್ದಮೆ ಲಂಬಿಸಿದಾಗ ಸಿಗುವ ಹೆಚ್ಚುವರಿ ಶುಲ್ಕ. ನಮಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಚಿತ್ರಾನ್ನ ಮಾತ್ರ.

ಈಗ ಪ್ರಯೋಗದ ಮಾತು. ರಿಫ್ರೆಶ್, ರೀಚಾರ್ಜ್‌ಗಳಿಗೆ ಕೆಲಸ ನಿಲ್ಲಬೇಕು, ಹೊರಗಿನಿಂದ ಏನಾದರೂ ಬರಬೇಕು: ತಣ್ಣೀರೋ, ನಿದ್ದೆಯೋ, ತವರೂರೋ. ಕನ್ನಡದ 'ದಣಿವಾರಿಸಿಕೊಳ್ಳು' ಎಂಬ ಸೊಗಸಾದ ಮಾತು ಇವುಗಳ ನೆಂಟ. ಬೆವರಿನಂತೆ ದಣಿವೂ ಆರಬೇಕು, ಆರಲು ಕೂರಬೇಕು. ಸೆಕೆಂಡ್ ವಿಂಡ್ ಮಾತ್ರ ಕೂತವನ ಬಳಿಗೆ ಬರುವುದಿಲ್ಲ. ಆದ್ದರಿಂದ ರಜೆಯಿಂದ ಮರಳಿದವಳು 'ರೀಚಾರ್ಜ್' ಆದಳು ಎನ್ನಬೇಕು. ರಾತ್ರಿಯಿಡೀ ಮದುವೆಯ ಅಡಿಗೆಯಲ್ಲಿ ದುಡಿದು, ಬೆಳಗಿನ ಜಾವ ಮೂರಕ್ಕೆ ಮತ್ತೆ ಚುರುಕಾಗುವ ಅಡಿಗೆ ಭಟ್ಟರಿಗೆ ಬಂದದ್ದು ಸೆಕೆಂಡ್ ವಿಂಡ್. ಇದಕ್ಕೆ ಒಂದೇ ಪದದ ಕನ್ನಡ ನನಗಿನ್ನೂ ಹೊಳೆದಿಲ್ಲ. ಹೊಳೆದವರು ಬರೆಯಿರಿ.

ಜೇಮ್ಸ್‌ನ ಭಾಷಣವನ್ನು ನಾನು ಓದಿದ್ದು ನಿವೃತ್ತಿಯ ನಂತರ, ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ. ಓದುತ್ತಿದ್ದಂತೆ ಮೇಜಿನ ಮುಂದೆ ಉತ್ತರಪತ್ರಿಕೆ ಹಿಡಿದು ನಿಂತಿದ್ದ ಹುಡುಗನ ಮುಖ ಕಣ್ಣಿಗೆ ಕಟ್ಟಿತು. ಅವನು ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಅನುತ್ತೀರ್ಣನಾದ. ಮತ್ತೆ ಕಟ್ಟಿದನೋ ಇಲ್ಲವೋ ವಿಚಾರಿಸುವ ಗೋಜಿಗೆ ನಾನು ಹೋಗಲಿಲ್ಲ. ನಿಮ್ಮಲ್ಲಿ ಅವನ ಜೊತೆ ಓದಿದವರು ಯಾರಾದರೂ ಇದ್ದರೆ, ಅವನು ಈಗ ಎಲ್ಲಿದ್ದಾನೆಂದು ತಿಳಿಸಿ. ಅವನ ವಾಕ್ಯ ಸರಿಯಾಗಿತ್ತೆಂದು ನಾನೇ ಹೇಳಬೇಕಾಗಿದೆ.