ಕೈಗೆಟುಕುವ ದೊಡ್ಡ ಪರದೆಯ ಟಿವಿ

ಸಾಮಾನ್ಯವಾಗಿ 43ರಿಂದ 65 ಇಂಚಿನ, ಎಲ್‌ಇಡಿ ಬ್ಯಾಕ್‌ಲೈಟ್ ಉಳ್ಳ ಎಲ್‌ಸಿಡಿ ಪರದೆಯ ಸ್ಮಾರ್ಟ್ ಟಿವಿ. ಭಾರತದಲ್ಲಿ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು.

ಈ ವರ್ಗದಲ್ಲಿ 4ಕೆ ಪರದೆ ಈಗ ಮಾಮೂಲು: 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಆದರೆ ಚಿತ್ರದ ಸೊಗಸು ಪಿಕ್ಸೆಲ್ ಲೆಕ್ಕಕ್ಕಿಂತ ಬೆಳಕಿನ ಹತೋಟಿಯನ್ನೇ ಹೆಚ್ಚು ಅವಲಂಬಿಸಿದೆ. ಡಬ್ಬಿಯ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚಿನ ವ್ಯಾಪ್ತಿಯ ಚಿತ್ರ) ಎಂದಿದ್ದರೆ ಟಿವಿ ಆ ಸಂಕೇತವನ್ನು ಓದಬಲ್ಲದು ಎಂದಷ್ಟೇ ಅರ್ಥ. ಅದಕ್ಕೆ ಬೇಕಾದ ಪ್ರಖರತೆ ಅಗ್ಗದ ಪರದೆಗೆ ಹಲವು ಬಾರಿ ಇರುವುದಿಲ್ಲ. ಹಿಂಬದಿಯ ಬೆಳಕನ್ನು ಭಾಗಭಾಗವಾಗಿ ಮಂದಗೊಳಿಸುವ ಲೋಕಲ್ ಡಿಮ್ಮಿಂಗ್ ಇಲ್ಲದಿದ್ದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೇ ಉರಿಯುತ್ತವೆ. ರಾತ್ರಿಯ ದೃಶ್ಯದ ಆಕಾಶ ಕಪ್ಪಾಗದೆ ಬೂದಿಬಣ್ಣಕ್ಕೆ ತಿರುಗುವುದು ಇದರಿಂದಲೇ. ಎಲ್‌ಸಿಡಿ ಪ್ಯಾನೆಲ್‌ನ ಬಗೆಯೂ ಮುಖ್ಯ: ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢ, ಪಕ್ಕದಿಂದ ನೋಡಿದರೆ ಬಣ್ಣ ಮಾಸಲು. ಐಪಿಎಸ್‌ನಲ್ಲಿ ಇದರ ತಿರುವುಮುರುವು. ಮನೆಮಂದಿಯೆಲ್ಲ ಹಾಲ್‌ನ ಮೂಲೆಮೂಲೆಯಲ್ಲಿ ಕೂತು ಕ್ರಿಕೆಟ್ ನೋಡುವ ಮನೆಗೆ ಐಪಿಎಸ್ ವಾಸಿ.

ತೆಳು ಮೈಯಲ್ಲಿ ಸ್ಪೀಕರಿಗೆ ಜಾಗ ಕಡಿಮೆ, ಬಾಸ್ ಏಳದು. ಸ್ಪೀಕರ್ ಕೆಳಮುಖವಾಗಿರುವುದರಿಂದ ಮಾತು ಅಸ್ಪಷ್ಟವಾಗುವುದೂ ಉಂಟು. ಡಾಲ್ಬಿ ಅಟ್ಮಾಸ್ ಮುದ್ರೆ ಈ ಕೊರತೆಯನ್ನು ನೀಗಿಸದು. ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಇಎಆರ್‌ಸಿ ಮೂಲಕ ಸೌಂಡ್‌ಬಾರ್ ಜೋಡಿಸುವುದೇ ನಿಜವಾದ ಪರಿಹಾರ.

ಗೂಗಲ್ ಟಿವಿಯಂಥ ವ್ಯವಸ್ಥೆಗಳು ಒಟಿಟಿ ಆ್ಯಪ್‌ಗಳನ್ನೂ ಧ್ವನಿ ಹುಡುಕಾಟವನ್ನೂ ಒದಗಿಸುತ್ತವೆ. ರ್‍ಯಾಮ್ ಕಡಿಮೆಯಿದ್ದರೆ ಆ್ಯಪ್‌ಗಳು ಹಿಗ್ಗಿದಂತೆಲ್ಲ ಮೆನು ತಡವರಿಸತೊಡಗುತ್ತದೆ. ಆಗ ಟಿವಿ ಬದಲಿಸಬೇಕಿಲ್ಲ, ಎಚ್‌ಡಿಎಂಐಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಸಾಕು.