ಬೋರ್ಡೋ ದ್ರಾವಣದಲ್ಲಿ ಅಡಗಿರುವ ರಸಾಯನಶಾಸ್ತ್ರ: ಬಂಧದಿಂದ ವಿದ್ಯುದ್ವಿಭಜನೆಯವರೆಗೆ

ಮುಂಗಾರು ಕಾಲಿಡುವ ಮುನ್ನ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ತೋಟಗಳಲ್ಲಿ ನೀಲಿ ದ್ರಾವಣ ತುಂಬಿದ ಡ್ರಮ್ಮುಗಳು ಕಾಣಿಸಿಕೊಳ್ಳುತ್ತವೆ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆತುಕ್ಕು ರೋಗಕ್ಕೂ ಸಿಂಪಡಿಸುವ ಬೋರ್ಡೋ ದ್ರಾವಣವದು. ಮೈಲುತುತ್ತ, ಸುಣ್ಣ ಮತ್ತು ನೀರು, ಇವಿಷ್ಟೇ ಅದರ ಸಾಮಗ್ರಿ. ಪ್ರೌಢಶಾಲೆಯ ರಸಾಯನಶಾಸ್ತ್ರದ ಹಲವು ಮುಖ್ಯ ಪಾಠಗಳು ಈ ಒಂದು ಡ್ರಮ್ಮಿನಲ್ಲಿಯೇ ಇವೆ. ಅವನ್ನು ಮರೆತರೆ ಎಲೆ ಸುಡಬಹುದು, ಇಲ್ಲವೇ ಮಳೆಗಾಲದ ನಡುವೆ ರೋಗ ಹಬ್ಬಿ ವರ್ಷದ ಫಸಲು ನೆಲಕ್ಕುದುರಬಹುದು.

ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಪಿಯರ್ ಮಿಲಾರ್ಡೆ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಈ ಮಿಶ್ರಣ ಮದ್ದೆಂದು 1885ರಲ್ಲಿ ಪ್ರಕಟಿಸಿದರು. ಮಲೆನಾಡಿನಲ್ಲಿ ಕಾಫಿ ಬೆಳೆಯ ಸಂಶೋಧನೆಗೆಂದು ಬಾಳೆಹೊನ್ನೂರಿನಲ್ಲಿ ಪ್ರಯೋಗ ಕೇಂದ್ರ ಆರಂಭವಾದದ್ದು 1925ರಲ್ಲಿ.

ಬಂಧ ಎಂದರೇನು?

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಇದರಲ್ಲಿ ತಾಮ್ರವು 2 ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಧನ ಅಯಾನಾಗಿರುತ್ತದೆ. ಸಲ್ಫೇಟ್ ಋಣ ಅಯಾನಾಗಿರುತ್ತದೆ. ವಿರುದ್ಧ ವಿದ್ಯುದಂಶಗಳ ಈ ಆಕರ್ಷಣೆಯೇ ಅಯಾನಿಕ ಬಂಧ. ಆದರೆ ಸಲ್ಫೇಟಿನೊಳಗೆ ಗಂಧಕವೂ ಆಮ್ಲಜನಕವೂ ಇಲೆಕ್ಟ್ರಾನುಗಳನ್ನು ಹಂಚಿಕೊಂಡಿರುತ್ತವೆ. ಅದು ಸಹವೇಲೆನ್ಸೀಯ ಬಂಧ. ನೀರಿಗೆ ಹಾಕಿದಾಗ ಅಯಾನಿಕ ಬಂಧ ಸಡಿಲಗೊಂಡು ಅಯಾನುಗಳು ಬೇರೆಯಾಗುತ್ತವೆ. ಸಲ್ಫೇಟ್ ಮಾತ್ರ ಒಡೆಯದೆ ಒಂದೇ ಘಟಕವಾಗಿ ಉಳಿಯುತ್ತದೆ.

ಆಮ್ಲ, ಪ್ರತ್ಯಾಮ್ಲ ಮತ್ತು ಸುಣ್ಣ

ಮೈಲುತುತ್ತದ ದ್ರಾವಣ ಆಮ್ಲೀಯ ಗುಣದ್ದು. ನೀಲಿ ಲಿಟ್ಮಸ್ ಅದರಲ್ಲಿ ಕೆಂಪಾಗುತ್ತದೆ. ಅದನ್ನು ಹಾಗೆಯೇ ಸಿಂಪಡಿಸಿದರೆ ಎಲೆ ಸುಡುತ್ತದೆ. ಆದ್ದರಿಂದ ಪ್ರತ್ಯಾಮ್ಲವಾದ ಸುಣ್ಣ ಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕುದಿಯುವಷ್ಟು ಶಾಖ ಹೊರಬರುತ್ತದೆ. ಇದು ಉಷ್ಣಕ್ಷೇಪಕ ಕ್ರಿಯೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣವನ್ನು ತಲಾ 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಆಗ ಸುಲಭವಾಗಿ ಕರಗದ ತಾಮ್ರದ ಸಂಯುಕ್ತ ಉಂಟಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಎಲೆಯ ಮೇಲಿನ ತೇವದಲ್ಲಿ ಅದು ಅಲ್ಪಸ್ವಲ್ಪವೇ ತಾಮ್ರದ ಅಯಾನುಗಳನ್ನು ಬಿಟ್ಟು ಶಿಲೀಂಧ್ರದ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಬಂದ ರೋಗವನ್ನು ಇದು ಗುಣಪಡಿಸುವುದಿಲ್ಲ. ಮಳೆಗೆ ಮೊದಲೇ ಸಿಂಪಡಿಸುವುದು ಈ ಕಾರಣದಿಂದ.

ಬಹುಕಾಲ ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟಾಗುತ್ತದೆ. ತೂಕ ಸರಿಯಿದ್ದರೂ ಅಂತಹ ಸುಣ್ಣ ಆಮ್ಲೀಯತೆಯನ್ನು ಸಾಕಷ್ಟು ತಗ್ಗಿಸದು.

ಚಾಕುವಿನ ಪರೀಕ್ಷೆ

ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಬೆಳೆಗಾರರು ಹೊಳೆಯುವ ಕಬ್ಬಿಣದ ಚಾಕುವನ್ನು ಕೆಲವು ನಿಮಿಷ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಗಂದು ಲೇಪ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಅದು ಇಲೆಕ್ಟ್ರಾನು ಬಿಟ್ಟುಕೊಟ್ಟು ಉತ್ಕರ್ಷಣಗೊಳ್ಳುತ್ತದೆ. ದ್ರಾವಣದಲ್ಲಿ ಉಳಿದ ತಾಮ್ರದ ಅಯಾನು ಅದನ್ನು ಪಡೆದು ಅಪಕರ್ಷಣಗೊಂಡು ಲೋಹವಾಗುತ್ತದೆ. ಇದೇ ಸ್ಥಾನಪಲ್ಲಟ ಕ್ರಿಯೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆನ್ನುವುದೂ ಇದಕ್ಕಾಗಿಯೇ.

ವಿದ್ಯುದ್ವಿಭಜನೆ

ಚಾಕುವಿನ ಮೇಲೆ ತಾನಾಗಿ ನಡೆದ ಕ್ರಿಯೆಯನ್ನು ವಿದ್ಯುತ್ತಿನ ಬಲದಿಂದ ನಡೆಸುವುದೂ ಸಾಧ್ಯ. ಮೈಲುತುತ್ತದ ದ್ರಾವಣದಲ್ಲಿ ಎರಡು ತಾಮ್ರದ ಪಟ್ಟಿಗಳನ್ನಿಟ್ಟು ಬ್ಯಾಟರಿಗೆ ಜೋಡಿಸಿದರೆ ಕ್ಯಾಥೋಡಿನ ಮೇಲೆ ತಾಮ್ರ ಕೂರುತ್ತದೆ, ಆನೋಡಿನ ತಾಮ್ರ ಕರಗುತ್ತದೆ. ದ್ರಾವಣದ ನೀಲಿ ಬದಲಾಗದು. 1 ಆಂಪಿಯರ್ ವಿದ್ಯುತ್ 1 ಗಂಟೆ ಹರಿದರೆ ಸುಮಾರು 1.18 ಗ್ರಾಂ ತಾಮ್ರ ಶೇಖರವಾಗುತ್ತದೆ. ತಾಮ್ರದ ಶುದ್ಧೀಕರಣ ನಡೆಯುವುದು ಈ ತತ್ತ್ವದ ಮೇಲೆಯೇ.

ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅತಿ ಕ್ರಿಯಾಶೀಲವಾದ್ದರಿಂದ ಅದನ್ನು ಬೇರ್ಪಡಿಸುವುದು ಬಹುಕಾಲ ಸಾಧ್ಯವಾಗಿರಲಿಲ್ಲ. 1808ರಲ್ಲಿ ಹಂಫ್ರಿ ಡೇವಿ ವಿದ್ಯುದ್ವಿಭಜನೆಯಿಂದಲೇ ಅದನ್ನು ಸಾಧಿಸಿದರು. ಇದೇ ಜಿಲ್ಲೆಯ ಕುದುರೆಮುಖದಲ್ಲಿ 2005ರ ಅಂತ್ಯದವರೆಗೆ ಅಗೆದ ಅದಿರಿನ ಲೋಹವಾದ ಕಬ್ಬಿಣ ಅಷ್ಟು ಕ್ರಿಯಾಶೀಲವಲ್ಲ. ಕುಲುಮೆಯಲ್ಲಿ ಇಂಗಾಲದಿಂದಲೇ ಅದನ್ನು ಪಡೆಯಬಹುದು.

ದ್ರಾವಣವನ್ನು ತಯಾರಿಸಿದ ದಿನವೇ ಬಳಸಬೇಕು. ಸುಣ್ಣ ಅರಳಿಸುವಾಗ ಕಣ್ಣಿಗೆ ಸಿಡಿಯದಂತೆ, ಸಿಂಪಡಿಸುವಾಗ ಮೈಗೆ ತಾಗದಂತೆ ಎಚ್ಚರ ವಹಿಸುವುದು ಅವಶ್ಯ.